ಸಿ. ಎ. ಭವಾನಿ ದೇವಿಯವರ ಟೋಕಿಯೊ ಒಲಿಂಪಿಕ್ಸ್ ಸಿದ್ಧತೆ

ಸಿ. ಎ. ಭವಾನಿ ದೇವಿ (ಜನನ: 27 ಆಗಸ್ಟ್ 1993, ಚೆನ್ನೈ) ಭಾರತದ ಕತ್ತಿವರಸೆ ಕ್ರೀಡಾಪಟು. ಫೆನ್ಸಿಂಗ್ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತವಾಗಿರುವ ಈ ಕ್ರೀಡೆಯ ಸೇಬರ್ ವಿಭಾಗದಲ್ಲಿ ಅವರು ಸ್ಪರ್ಧಿಸುತ್ತಾರೆ. 2021ರಲ್ಲಿ ನಡೆದ ಟೋಕಿಯೊ 2020 ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯುವ ಮೂಲಕ ಅವರು ಒಲಿಂಪಿಕ್ಸ್ ಕತ್ತಿವರಸೆಯಲ್ಲಿ ಪಾಲ್ಗೊಂಡ ಮೊದಲ ಭಾರತೀಯರೆನಿಸಿದರು. ಟೋಕಿಯೊದಲ್ಲಿ ಅವರು ಆಡಿದ್ದು ಎರಡು ಪಂದ್ಯಗಳನ್ನು. ಎರಡೂ ಸೇರಿ ಕಾಲು ಗಂಟೆಯಷ್ಟು ಹೊತ್ತು. ಅದರ ಹಿಂದೆ ಸುಮಾರು ಐದು ವರ್ಷಗಳ ಪರದೇಶ ವಾಸ, ದಿನವೂ ಎರಡು ಹೊತ್ತಿನ ಅಭ್ಯಾಸ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಅಂಕಗಳಿಗಾಗಿ ನಡೆಸಿದ ಓಡಾಟ ಹಾಗೂ ಎದುರಾಳಿಗಳೇ ಇಲ್ಲದೆ ಕಳೆದ ಹಲವು ತಿಂಗಳುಗಳ ಲಾಕ್‌ಡೌನ್ ಇದ್ದವು. ಉನ್ನತ ಮಟ್ಟದ ಸೇಬರ್ ಸ್ಪರ್ಧಿಯ ದಿನಚರಿ ಹೇಗಿರುತ್ತದೆ, ಅದು ಹಾಗಿರಲು ಕಾರಣವೇನು ಎಂಬುದನ್ನು ತಿಳಿಯಲು ಈ ಸಿದ್ಧತೆ ಉತ್ತಮ ನಿದರ್ಶನವಾಗಿದೆ.

ಹಿನ್ನೆಲೆ

ಭವಾನಿ ದೇವಿಯವರ ತಂದೆ ಅರ್ಚಕರಾಗಿದ್ದರು, ತಾಯಿ ಗೃಹಿಣಿ. ಚೆನ್ನೈನ ತಂಡೈಯಾರ್‌ಪೇಟೆಯ ಬಾಲಕಿಯರ ಶಾಲೆಯಲ್ಲಿ 2004ರಲ್ಲಿ ಅವರು ಈ ಕ್ರೀಡೆಗೆ ಸೇರಿದರು. ಶಾಲೆಯಲ್ಲಿ ಹಲವು ಕ್ರೀಡೆಗಳ ಆಯ್ಕೆಯಿತ್ತಾದರೂ ಅವರ ಸರದಿ ಬರುವ ವೇಳೆಗೆ ಉಳಿದವೆಲ್ಲ ಭರ್ತಿಯಾಗಿ ಕತ್ತಿವರಸೆಯಲ್ಲಿ ಮಾತ್ರ ಜಾಗವಿತ್ತು ಎಂದು ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಮಹಿಳೆಯರ ಸೇಬರ್ ಒಲಿಂಪಿಕ್ಸ್‌ಗೆ ಸೇರ್ಪಡೆಯಾದದ್ದು ಅದೇ ವರ್ಷ, ಅಥೆನ್ಸ್‌ನಲ್ಲಿ. ವಿದ್ಯುತ್ ಸಂಪರ್ಕವುಳ್ಳ ಕತ್ತಿಗಳು ದುಬಾರಿಯಾದ್ದರಿಂದ ಆರಂಭದ ದಿನಗಳಲ್ಲಿ ಮಕ್ಕಳು ಬಿದಿರಿನ ಕೋಲುಗಳಲ್ಲಿ ಅಭ್ಯಾಸ ಮಾಡಿ, ನಿಜವಾದ ಕತ್ತಿಯನ್ನು ಪಂದ್ಯಗಳಿಗೆಂದು ಉಳಿಸಿಕೊಳ್ಳುತ್ತಿದ್ದರು.

ಅವರ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆ 2007ರಲ್ಲಿ ಟರ್ಕಿಯಲ್ಲಿ ನಡೆಯಿತು. ಪಂದ್ಯದ ಅಂಕಣಕ್ಕೆ ಮೂರು ನಿಮಿಷ ತಡವಾಗಿ ಬಂದ ಕಾರಣಕ್ಕೆ ಅವರಿಗೆ ಕಪ್ಪು ಕಾರ್ಡ್ ತೋರಿಸಲಾಯಿತು; ಅಂದರೆ ಇಡೀ ಸ್ಪರ್ಧೆಯಿಂದಲೇ ಹೊರಹಾಕಲಾಯಿತು. ಈ ಕ್ರೀಡೆಯಲ್ಲಿ ಹೊತ್ತಿಗೆ ಸರಿಯಾಗಿ ಹಾಜರಿರುವುದೂ ನಿಯಮದ ಭಾಗ. ಕತ್ತಿ, ತಂತಿ, ಮುಖಗವಸು ಎಲ್ಲವೂ ಸಿದ್ಧವಾಗಿ, ಮೈ ಬಿಸಿಯಾಗಿ, ಹೆಸರು ಕೂಗಿದಾಗ ಅಂಕಣದ ಬಳಿ ನಿಂತಿರಬೇಕು. ದೊಡ್ಡ ಸ್ಪರ್ಧಿಗಳ ದಿನಚರಿಯಲ್ಲಿ ಗಡಿಯಾರಕ್ಕೆ ಇರುವ ಸ್ಥಾನಕ್ಕೆ ಇದೂ ಒಂದು ಕಾರಣ.

ಹತ್ತನೆಯ ತರಗತಿಯ ನಂತರ ಅವರು ಕೇರಳದ ತಲಶ್ಶೇರಿಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಕ್ಕೆ ಸೇರಿ ಸಾಗರ್ ಲಾಗು ಅವರಲ್ಲಿ ತರಬೇತಿ ಪಡೆದರು. 2015ರಲ್ಲಿ ಬೆಂಗಳೂರು ಮೂಲದ ಗೋಸ್ಪೋರ್ಟ್ಸ್ ಫೌಂಡೇಶನ್ ನಡೆಸುವ ರಾಹುಲ್ ದ್ರಾವಿಡ್ ಕ್ರೀಡಾಪಟು ಮಾರ್ಗದರ್ಶನ ಕಾರ್ಯಕ್ರಮಕ್ಕೆ ಆಯ್ಕೆಯಾದರು. ಪ್ರಾಯೋಜಕರು ವಿರಳವಾಗಿದ್ದ ಕ್ರೀಡೆಯೊಂದರಲ್ಲಿ ಈ ನೆರವು ಮತ್ತು ತಮಿಳುನಾಡು ಸರ್ಕಾರದ ನೆರವು ಅವರ ವಿದೇಶಿ ತರಬೇತಿಗೆ ಆಧಾರವಾದವು. 2016ರ ರಿಯೊ ಒಲಿಂಪಿಕ್ಸ್‌ಗೆ ಅರ್ಹತೆ ದೊರೆಯಲಿಲ್ಲ.

ಲಿವೊರ್ನೊ

2016ರಿಂದ ಅವರು ಇಟಲಿಯ ಟಸ್ಕನಿ ಪ್ರಾಂತ್ಯದ ಬಂದರು ನಗರವಾದ ಲಿವೊರ್ನೊದಲ್ಲಿ ತರಬೇತುದಾರ ನಿಕೋಲಾ ಜಾನೊಟ್ಟಿ ಅವರ ಬಳಿ ಅಭ್ಯಾಸ ಆರಂಭಿಸಿದರು. ಕತ್ತಿವರಸೆಯ ಇತಿಹಾಸದಲ್ಲಿ ಈ ಊರಿಗೆ ಅದರ ಗಾತ್ರವನ್ನು ಮೀರಿದ ಸ್ಥಾನವಿದೆ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಐದು ಚಿನ್ನದ ಪದಕ ಗೆದ್ದ ನೆಡೊ ನಾಡಿ ಮತ್ತು ಅವರ ತಮ್ಮ ಆಲ್ಡೊ ನಾಡಿ ಲಿವೊರ್ನೊದವರು. 2004ರಲ್ಲಿ ಅಥೆನ್ಸ್‌ನಲ್ಲಿ ಪುರುಷರ ಸೇಬರ್ ವೈಯಕ್ತಿಕ ಚಿನ್ನ ಗೆದ್ದ ಆಲ್ಡೊ ಮೊಂಟಾನೊ ಕೂಡ ಇದೇ ಊರಿನವರು.

ಒಬ್ಬ ಭಾರತೀಯ ಸ್ಪರ್ಧಿ ಇಷ್ಟು ದೂರ ಹೋಗಿ ನೆಲೆಸಬೇಕಾದ ಅಗತ್ಯವನ್ನು ಕೇವಲ ಉತ್ತಮ ತರಬೇತುದಾರರ ಕೊರತೆಯಿಂದ ವಿವರಿಸಲಾಗದು. ಓಟಗಾರರು ಗಡಿಯಾರವನ್ನು ಎದುರಿಟ್ಟುಕೊಂಡು ಒಂಟಿಯಾಗಿ ಓಡಬಹುದು. ಭಾರ ಎತ್ತುವವರಿಗೆ ಕಬ್ಬಿಣದ ತೂಕವೇ ಅಳತೆಗೋಲು. ಕತ್ತಿವರಸೆಯಲ್ಲಿ ಅಂತಹ ಅಳತೆಗೋಲಿಲ್ಲ. ಎದುರಾಳಿ ಯಾವ ಕ್ಷಣದಲ್ಲಿ ಮುಂದೆ ಬರುತ್ತಾರೆ, ಎಷ್ಟು ದೂರದಲ್ಲಿ ಅವರ ಏಟು ತಾಗುತ್ತದೆ, ಯಾವಾಗ ಅವರು ನುಗ್ಗುವಂತೆ ನಟಿಸಿ ನಿಲ್ಲುತ್ತಾರೆ ಎಂಬುದೆಲ್ಲ ಮನುಷ್ಯರ ಎದುರಿನಲ್ಲಿಯೇ ಕಲಿಯಬೇಕಾದವು. ಒಂದೇ ಊರಿನಲ್ಲಿ ಎಡಗೈಯವರು, ಎತ್ತರದವರು, ಹಿಂದೆ ಸರಿದು ಕಾಯುವವರು, ಮೊದಲ ಹೆಜ್ಜೆಯಲ್ಲೇ ಮೇಲೆರಗುವವರು ಹೀಗೆ ಬಗೆಬಗೆಯ ಎದುರಾಳಿಗಳು ಪ್ರತಿ ಸಂಜೆ ಸಿಗುವುದಾದರೆ, ಒಂದು ವರ್ಷದ ಅಭ್ಯಾಸದಲ್ಲಿ ದೊರೆಯುವ ಅನುಭವವೇ ಬೇರೆ. ಭಾರತದಲ್ಲಿ ಆಗ ಅಂತರರಾಷ್ಟ್ರೀಯ ಮಟ್ಟದ ಮಹಿಳಾ ಸೇಬರ್ ಸ್ಪರ್ಧಿಗಳ ಸಂಖ್ಯೆ ತೀರ ಚಿಕ್ಕದಾಗಿತ್ತು. ಸ್ವದೇಶದಲ್ಲಿ ಸತತವಾಗಿ ಗೆಲ್ಲುತ್ತಿದ್ದವರಿಗೆ ಹೊರಗೆ ಹೋದಾಗ ಎದುರಾಗುತ್ತಿದ್ದ ವೇಗ ಅಪರಿಚಿತವಾಗಿರುತ್ತಿತ್ತು.

ಇಟಲಿಯ ತರಬೇತಿಯ ಫಲ ಬೇಗ ಕಾಣಿಸಿಕೊಂಡಿತು. 2017ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವಕಪ್ ಸ್ಯಾಟಲೈಟ್ ಟೂರ್ನಿಯಲ್ಲಿ ಅವರು ಚಿನ್ನ ಗೆದ್ದರು. 2018ರಲ್ಲಿ ಕ್ಯಾನ್‌ಬೆರಾದಲ್ಲಿ ಕಾಮನ್‌ವೆಲ್ತ್ ಕತ್ತಿವರಸೆ ಚಾಂಪಿಯನ್‌ಷಿಪ್‌ನ ಚಿನ್ನವೂ ಅವರದಾಯಿತು.

ಆಟದ ಸ್ವರೂಪ ಮತ್ತು ದಿನಚರಿ

ಸೇಬರ್ ಸ್ಪರ್ಧಿಯ ದಿನಚರಿಯನ್ನು ಅರಿಯಲು ಆಟದ ಕೆಲವು ನಿಯಮಗಳ ಪರಿಚಯ ಅಗತ್ಯ. ಫಾಯಿಲ್ ಮತ್ತು ಎಪೆ ಎಂಬ ಇನ್ನೆರಡು ಆಯುಧಗಳಲ್ಲಿ ಕತ್ತಿಯ ತುದಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸೇಬರ್‌ನಲ್ಲಿ ಅಲಗಿನ ಯಾವ ಭಾಗ ತಾಗಿದರೂ ಅಂಕ. ಸೊಂಟದಿಂದ ಮೇಲಿನ ಭಾಗ, ಅಂದರೆ ತಲೆ, ಮುಂಡ ಮತ್ತು ತೋಳುಗಳು ಗುರಿ. ಅಂಕಣವು 14 ಮೀಟರ್ ಉದ್ದದ ಕಿರಿದಾದ ಪಟ್ಟಿ. ಸ್ಪರ್ಧಿಗಳಿಬ್ಬರೂ ನಡುಗೆರೆಯಿಂದ ತಲಾ 2 ಮೀಟರ್ ಹಿಂದೆ ನಿಲ್ಲುತ್ತಾರೆ. ರೆಫರಿ ಫ್ರೆಂಚ್ ಭಾಷೆಯಲ್ಲಿ ‘ಅಲೇ’ ಎಂದೊಡನೆ ಇಬ್ಬರೂ ಆ ನಾಲ್ಕು ಮೀಟರ್ ಅಂತರವನ್ನು ಕ್ಷಣಾರ್ಧದಲ್ಲಿ ಕ್ರಮಿಸುತ್ತಾರೆ. ಬಹುಪಾಲು ಅಂಕಗಳು ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನವಾಗುತ್ತವೆ.

ಇಬ್ಬರ ಏಟೂ ಒಟ್ಟಿಗೆ ತಾಗಿ ಎರಡೂ ದೀಪಗಳು ಬೆಳಗಿದರೆ, ಆಕ್ರಮಣದ ಆದ್ಯತೆ ಯಾರದಾಗಿತ್ತು ಎಂಬುದನ್ನು ರೆಫರಿ ನಿರ್ಣಯಿಸುತ್ತಾರೆ. ಆಕ್ರಮಣ ಆರಂಭಿಸಿದವರಿಗೆ ಆದ್ಯತೆ. ಅದನ್ನು ತಡೆದರೆ ಆದ್ಯತೆ ತಡೆದವರಿಗೆ ದಾಟುತ್ತದೆ. ಇಬ್ಬರೂ ಏಕಕಾಲಕ್ಕೆ ಆಕ್ರಮಣ ಮಾಡಿದ್ದರೆ ಯಾರಿಗೂ ಅಂಕವಿಲ್ಲ. ಮೊದಲ ಏಟು ದಾಖಲಾದ ಸುಮಾರು 170 ಮಿಲಿಸೆಕೆಂಡುಗಳ ಬಳಿಕ ಬಂದ ಎರಡನೆಯ ಏಟನ್ನು ಯಂತ್ರ ದಾಖಲಿಸುವುದೇ ಇಲ್ಲ. ಒಲಿಂಪಿಕ್ಸ್‌ನ ನೇರ ನಿರ್ಗಮನ ಪಂದ್ಯಗಳು 15 ಅಂಕಗಳದ್ದು. ಒಬ್ಬರು 8 ಅಂಕ ತಲುಪಿದಾಗ ಒಂದು ನಿಮಿಷದ ವಿರಾಮವಿದೆ.

ಇದರ ಪರಿಣಾಮವಾಗಿ ಅಭ್ಯಾಸದ ದೊಡ್ಡ ಪಾಲು ಕೈಗಿಂತ ಕಾಲುಗಳಿಗೆ ಸಲ್ಲುತ್ತದೆ. ಕತ್ತಿವರಸೆಯನ್ನು ಹೊರಗಿನಿಂದ ನೋಡುವವರಿಗೆ ಇದು ಅಚ್ಚರಿ ತರಬಹುದು. ಸೇಬರ್‌ನಲ್ಲಿ ಮುಂದೆ ಸಾಗುವಾಗ ಹಿಂಗಾಲು ಮುಂಗಾಲನ್ನು ದಾಟುವಂತಿಲ್ಲ. ಆದ್ದರಿಂದ ಸಾಮಾನ್ಯ ಓಟದ ವೇಗ ಇಲ್ಲಿ ಉಪಯೋಗಕ್ಕೆ ಬಾರದು. ಬಾಗಿದ ಮಂಡಿಗಳ ಮೇಲೆ ನಿಂತು, ಅದೇ ಭಂಗಿಯಲ್ಲಿ ಮುಂದೆ ಹಿಂದೆ ಸರಿಯುತ್ತ, ಥಟ್ಟನೆ ನಿಂತು, ಮುಂಗಾಲನ್ನು ಉದ್ದಕ್ಕೆ ಚಾಚಿ ನುಗ್ಗುವ ಲಂಜ್‌ಗೆ ಹೊರಳಬೇಕು. ಹೀಗೆ ನುಗ್ಗಿ ಇಳಿದಾಗ ದೇಹದ ಭಾರವೆಲ್ಲ ಒಂದು ಕಾಲಿನ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಆಡಿದವರಲ್ಲಿ ಕತ್ತಿ ಹಿಡಿದ ಬದಿಯ ತೊಡೆ ಮತ್ತು ತೋಳು ಇನ್ನೊಂದು ಬದಿಗಿಂತ ದಪ್ಪವಾಗಿರುವುದು ಸಾಮಾನ್ಯ. ಮಂಡಿ, ಹಿಮ್ಮಡಿಯ ಗಂಟು, ತೊಡೆಯ ಹಿಂಭಾಗ ಹಾಗೂ ತೊಡೆಸಂದಿಯ ಸ್ನಾಯುಗಳ ನೋವು ಈ ಕ್ರೀಡೆಯ ಸಾಮಾನ್ಯ ತೊಂದರೆಗಳು.

ಉನ್ನತ ಮಟ್ಟದ ಸ್ಪರ್ಧಿಯೊಬ್ಬರ ಬೆಳಗು ಸಾಮಾನ್ಯವಾಗಿ ದೈಹಿಕ ಸಿದ್ಧತೆಗೆ ಮೀಸಲು. ಭಾರ ಎತ್ತುವುದು, ನೆಗೆತ, ಕಿರು ಅಂತರದ ಓಟ ಹಾಗೂ ಎರಡೂ ಬದಿಗಳ ಬಲವನ್ನು ಸರಿದೂಗಿಸುವ ವ್ಯಾಯಾಮಗಳ ನಂತರ ಹೆಜ್ಜೆಗಳ ಅಭ್ಯಾಸ ಬರುತ್ತದೆ. ಕನ್ನಡಿಯ ಎದುರಿನಲ್ಲೋ ಜೊತೆಗಾರರ ಎದುರಿನಲ್ಲೋ, ಕೈಯಲ್ಲಿ ಕತ್ತಿಯಿಲ್ಲದೆಯೇ ಅಂತರವನ್ನು ಕಾಯ್ದುಕೊಳ್ಳುವ ಆಟ ಇದು. ಎದುರಿನವರು ಅರ್ಧ ಹೆಜ್ಜೆ ಮುಂದೆ ಬಂದರೆ ಅರ್ಧ ಹೆಜ್ಜೆ ಹಿಂದೆ; ಅವರು ನಿಂತರೆ ಅದೇ ಗಳಿಗೆಗೆ ನಿಲುವು. ನೋಡುವವರಿಗೆ ಬೇಸರ ತರಿಸುವ, ಆಡುವವರನ್ನು ಬೆವರಲ್ಲಿ ತೋಯಿಸುವ ಕೆಲಸ.

ದಿನಚರಿಯ ತಿರುಳೆಂದರೆ ತರಬೇತುದಾರರೊಂದಿಗಿನ ವೈಯಕ್ತಿಕ ಪಾಠ. ಇದು ಹೆಚ್ಚೆಂದರೆ ಅರ್ಧ ಗಂಟೆಯದು. ದಪ್ಪ ತೊಗಲಿನ ರಕ್ಷಾಕವಚ ಧರಿಸಿದ ತರಬೇತುದಾರರು ಎದುರು ನಿಂತು, ಅಲಗನ್ನು ಒಂದಿಷ್ಟು ತೆರೆದೋ ಮುಚ್ಚಿಯೋ, ಅಂತರವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಶಿಷ್ಯರಿಗೆ ಪ್ರಶ್ನೆ ಒಡ್ಡುತ್ತಾರೆ. ಅದಕ್ಕೆ ಏಟಿನಿಂದಲೇ ಉತ್ತರ ಕೊಡಬೇಕು. ಮಾತು ಕಡಿಮೆ. ತಲೆಯತ್ತ ಬಂದ ಏಟನ್ನು ತಡೆದು ಮರು ಏಟು ಕೊಡುವುದು, ನುಗ್ಗಿ ಬರುವವರನ್ನು ಅವರ ಕೈ ಚಾಚುವ ಮೊದಲೇ ತೋಳಿಗೆ ತಾಗಿಸಿ ತಡೆಯುವುದು, ಆಕ್ರಮಣದ ನಡುವೆ ಗುರಿಯನ್ನು ಬದಲಿಸುವುದು ಮುಂತಾದ ಕೆಲವೇ ಚಲನೆಗಳನ್ನು ನೂರಾರು ಸಲ ಪುನರಾವರ್ತಿಸಲಾಗುತ್ತದೆ. ಯೋಚಿಸಿ ಮಾಡಲು ಪಂದ್ಯದಲ್ಲಿ ಹೊತ್ತಿರುವುದಿಲ್ಲ. ಯೋಚನೆಯೆಲ್ಲ ಏನಿದ್ದರೂ ಅಂಕದಿಂದ ಅಂಕಕ್ಕೆ ನಡುವಿನ ಬಿಡುವಿನಲ್ಲಿ: ಎದುರಾಳಿ ಕಳೆದ ಮೂರು ಸಲ ಏನು ಮಾಡಿದರು, ನಾಲ್ಕನೆಯ ಸಲ ಅದನ್ನೇ ಮಾಡುತ್ತಾರೆಯೆ, ಅಥವಾ ತಾನು ಹಾಗೆ ಎಣಿಸಲೆಂದೇ ಮಾಡಿದರೆ?

ಮಧ್ಯಾಹ್ನದ ವಿಶ್ರಾಂತಿ, ಫಿಸಿಯೊಥೆರಪಿ ಅಥವಾ ವಿಡಿಯೊ ವೀಕ್ಷಣೆಯ ಬಳಿಕ ಸಂಜೆಯ ಹೊತ್ತು ಅಭ್ಯಾಸ ಪಂದ್ಯಗಳದ್ದು. ಯುರೋಪಿನ ಕ್ಲಬ್‌ಗಳಲ್ಲಿ ಶಾಲೆ, ಕಾಲೇಜು, ನೌಕರಿ ಮುಗಿಸಿದ ಸ್ಪರ್ಧಿಗಳು ಒಟ್ಟಾಗುವುದು ಈ ಹೊತ್ತಿನಲ್ಲೇ. 5 ಅಂಕಗಳ ಚುಟುಕು ಪಂದ್ಯಗಳೂ 15 ಅಂಕಗಳ ಪೂರ್ಣ ಪಂದ್ಯಗಳೂ ಒಂದರ ಹಿಂದೆ ಒಂದು ನಡೆಯುತ್ತವೆ. ದೊಡ್ಡ ಸ್ಪರ್ಧೆ ಹತ್ತಿರವಾದಂತೆ ಭಾರ ಎತ್ತುವುದು ಕಡಿಮೆಯಾಗಿ, ಪಂದ್ಯಗಳ ಸಂಖ್ಯೆ ಮೊದಲು ಏರಿ, ಕಡೆಯ ದಿನಗಳಲ್ಲಿ ಅದೂ ಇಳಿಯುತ್ತದೆ. ಕಾಲಿನ ಚುರುಕನ್ನು ಉಳಿಸಿಕೊಳ್ಳುವುದು ಆಗಿನ ಗುರಿ.

ಸಲಕರಣೆಗಳ ನಿಗಾ

ಸೇಬರ್ ಕತ್ತಿಯ ತೂಕ 500 ಗ್ರಾಂ ಮೀರುವಂತಿಲ್ಲ. ಒಟ್ಟು ಉದ್ದ 105 ಸೆಂ.ಮೀ., ಅಲಗಿನ ಉದ್ದ 88 ಸೆಂ.ಮೀ. ಗರಿಷ್ಠ ಮಿತಿ. ಬಡಿತದ ಆಟವಾದ್ದರಿಂದ ಅಲಗುಗಳು ಮುರಿಯುವುದು ಸಾಮಾನ್ಯ. ಪಂದ್ಯಕ್ಕೆ ಒಂದೇ ಕತ್ತಿಯೊಂದಿಗೆ ಬರುವಂತಿಲ್ಲ. ನಿಯಮಬದ್ಧವಾದ ಬದಲಿ ಕತ್ತಿ ಮತ್ತು ಬದಲಿ ತಂತಿ ಜೊತೆಗಿರಲೇಬೇಕು, ಇಲ್ಲವಾದರೆ ದಂಡನೆ. ಬಿಳಿಯ ರಕ್ಷಣಾ ಉಡುಪಿನ ಮೇಲೆ ಲೋಹದ ಎಳೆಗಳಿಂದ ನೇಯ್ದ ಮೇಲಂಗಿಯನ್ನು ತೊಡಲಾಗುತ್ತದೆ. ಮುಖಗವಸಿಗೂ ವಿದ್ಯುತ್ ಹರಿಯುತ್ತದೆ. ಎದುರಾಳಿಯ ಅಲಗು ಇವುಗಳಿಗೆ ತಾಗಿದಾಗ ಮಂಡಲ ಪೂರ್ಣಗೊಂಡು ದೀಪ ಬೆಳಗುತ್ತದೆ.

ಬೆವರಿನ ಉಪ್ಪು ಈ ಲೋಹದ ಎಳೆಗಳಿಗೆ ಶತ್ರು. ಅಂಗಿಯ ಒಂದು ಭಾಗದಲ್ಲಿ ವಿದ್ಯುತ್ ಹರಿಯದಂತಾದರೆ ಸ್ಪರ್ಧೆಗೆ ಮೊದಲು ನಡೆಯುವ ತಪಾಸಣೆಯಲ್ಲಿ ಅದು ತಿರಸ್ಕೃತವಾಗುತ್ತದೆ. ಹೀಗಾಗಿ ಅಭ್ಯಾಸ ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಅಂಗಿಯನ್ನು ಆರಹಾಕುವುದು, ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸುವುದು, ಬಾಗಿದ ಅಲಗನ್ನು ನೆಟ್ಟಗಾಗಿಸುವುದು, ಸಡಿಲವಾದ ಹಿಡಿಯ ತಿರುಪು ಬಿಗಿ ಮಾಡುವುದು ಇತ್ಯಾದಿ ರಾತ್ರಿಯ ಕೆಲಸಗಳು. ದೊಡ್ಡ ತಂಡಗಳೊಂದಿಗೆ ಇದಕ್ಕೆಂದೇ ತಂತ್ರಜ್ಞರು ಪ್ರಯಾಣಿಸುತ್ತಾರೆ. ಒಂಟಿಯಾಗಿ ಸ್ಪರ್ಧೆಗೆ ಹೋಗುವವರು ತಾವೇ ಸ್ಪರ್ಧಿ, ತಾವೇ ತಂತ್ರಜ್ಞರು.

ವಿಮಾನ ಪ್ರಯಾಣದಲ್ಲಿ ಕತ್ತಿಗಳನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ಗಾಲಿಗಳುಳ್ಳ ಉದ್ದನೆಯ ಚೀಲವನ್ನು ವಿಮಾನದ ಸರಕಿನೊಂದಿಗೆ ಕಳುಹಿಸಬೇಕು. ಅದು ಹೊತ್ತಿಗೆ ಬಾರದಿದ್ದರೆ ಅಭ್ಯಾಸ ಎಷ್ಟಿದ್ದರೂ ವ್ಯರ್ಥ.

ಅರ್ಹತೆಯ ಲೆಕ್ಕಾಚಾರ

ಟೋಕಿಯೊ ಒಲಿಂಪಿಕ್ಸ್‌ನ ಕತ್ತಿವರಸೆಗೆ ಪ್ರವೇಶ ದೊರೆಯುತ್ತಿದ್ದುದು ಮುಖ್ಯವಾಗಿ ವಿಶ್ವ ಶ್ರೇಯಾಂಕದ ಮೂಲಕ. ವಿಶ್ವಕಪ್, ಗ್ರ್ಯಾನ್ ಪ್ರಿ, ವಲಯ ಚಾಂಪಿಯನ್‌ಷಿಪ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಪಡೆದ ಅಂಕಗಳು ಶ್ರೇಯಾಂಕವನ್ನು ನಿರ್ಧರಿಸುತ್ತವೆ. ವಿಶ್ವಕಪ್‌ನಲ್ಲಿ ಅಗ್ರ 16 ಶ್ರೇಯಾಂಕದವರಿಗೆ ನೇರವಾಗಿ 64ರ ಸುತ್ತಿನಲ್ಲಿ ಸ್ಥಾನವಿರುತ್ತದೆ. ಉಳಿದವರು ಮೊದಲ ದಿನ ಗುಂಪು ಹಂತದ 5 ಅಂಕಗಳ ಪಂದ್ಯಗಳನ್ನೂ ಬಳಿಕ ಅರ್ಹತಾ ಸುತ್ತುಗಳನ್ನೂ ದಾಟಬೇಕು. ಶ್ರೇಯಾಂಕದ ನಡುಭಾಗದಲ್ಲಿರುವವರ ಬದುಕು ಹೀಗಾಗಿ ಅಗ್ರಮಾನ್ಯರದಕ್ಕಿಂತ ಹೆಚ್ಚು ದಣಿವಿನದು. ಅಗ್ರಮಾನ್ಯರು ಹೋಟೆಲ್ಲಿನಲ್ಲಿ ವಿಶ್ರಮಿಸುತ್ತಿರುವ ದಿನ ಇವರು ಏಳೆಂಟು ಪಂದ್ಯ ಆಡಿರುತ್ತಾರೆ, ಮಾರನೆಯ ಬೆಳಿಗ್ಗೆ ಅದೇ ಅಗ್ರಮಾನ್ಯರ ಎದುರು ನಿಲ್ಲಬೇಕಾಗುತ್ತದೆ.

ತಂಡ ಸ್ಪರ್ಧೆಗೆ ಅರ್ಹತೆ ಪಡೆದ ಪ್ರತಿ ದೇಶಕ್ಕೂ ವೈಯಕ್ತಿಕ ವಿಭಾಗದಲ್ಲಿ ಮೂರು ಸ್ಥಾನಗಳು ತಾನಾಗಿ ಸಿಗುತ್ತವೆ. ಆ ದೇಶಗಳ ಸ್ಪರ್ಧಿಗಳನ್ನು ಪಟ್ಟಿಯಿಂದ ತೆಗೆದು, ಉಳಿದವರನ್ನು ವಲಯವಾರು ಜೋಡಿಸಿದರೆ ದೊರೆಯುವುದು ಹೊಂದಾಣಿಕೆಯ ಅಧಿಕೃತ ಶ್ರೇಯಾಂಕ. ಏಷ್ಯಾ–ಓಷಿಯಾನಿಯಾ ವಲಯಕ್ಕೆ ಇದರ ಮೂಲಕ ಮೀಸಲಿದ್ದ ಸ್ಥಾನಗಳು ಎರಡು ಮಾತ್ರ. ಆದ್ದರಿಂದ ಭಾರತದ ಸ್ಪರ್ಧಿಯೊಬ್ಬರ ಭವಿಷ್ಯ ಅವರ ಗೆಲುವುಗಳಷ್ಟೇ ಇತರ ದೇಶಗಳ ತಂಡಗಳ ಸೋಲು ಗೆಲುವುಗಳನ್ನೂ ಅವಲಂಬಿಸಿತ್ತು.

ಡೋಪಿಂಗ್ ತಡೆ ನಿಯಮಗಳು ದಿನಚರಿಗೆ ಮತ್ತೊಂದು ಕಟ್ಟಳೆಯನ್ನು ಸೇರಿಸುತ್ತವೆ. ಪರೀಕ್ಷಾ ಪಟ್ಟಿಯಲ್ಲಿರುವ ಯಾವುದೇ ಕ್ರೀಡೆಯ ಸ್ಪರ್ಧಿಗಳು ಪ್ರತಿದಿನ ಬೆಳಿಗ್ಗೆ 5ರಿಂದ ರಾತ್ರಿ 11ರ ನಡುವಿನ ಒಂದು ಗಂಟೆಯನ್ನು ಗೊತ್ತುಪಡಿಸಿ, ಆ ಹೊತ್ತಿನಲ್ಲಿ ತಾವು ಎಲ್ಲಿರುತ್ತೇವೆಂಬುದನ್ನು ಮೂರು ತಿಂಗಳು ಮುಂಚಿತವಾಗಿ ದಾಖಲಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದು ಡೋಪಿಂಗ್ ಉಲ್ಲಂಘನೆಗೆ ಸಮ. ತಿಂಗಳಿಗೊಂದು ದೇಶ ಸುತ್ತುವವರಿಗೆ ಇದು ಸಣ್ಣ ಹೊರೆಯಲ್ಲ.

ಲಾಕ್‌ಡೌನ್

2020ರ ಮಾರ್ಚ್‌ನಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಸ್ಪರ್ಧೆಗಳು ನಿಂತುಹೋದವು. ಯುರೋಪಿನಲ್ಲಿ ಸೋಂಕಿನ ಹಾವಳಿ ಮೊದಲು ತೀವ್ರವಾದದ್ದು ಇಟಲಿಯಲ್ಲಿ. ಮಾರ್ಚ್ 24ರಂದು ಒಲಿಂಪಿಕ್ಸ್‌ನ್ನು ಮುಂದಿನ ವರ್ಷಕ್ಕೆ ಮುಂದೂಡಲಾಯಿತು. ಚೆನ್ನೈಗೆ ಮರಳಿದ್ದ ಭವಾನಿ ದೇವಿ ಮನೆಯ ತಾರಸಿಯ ಮೇಲೆ ಅಭ್ಯಾಸ ಮುಂದುವರಿಸಿದರು. ಎದುರಾಳಿಯ ಜಾಗದಲ್ಲಿ ತಮ್ಮ ಸಲಕರಣೆಯ ಚೀಲವನ್ನೇ ನಿಲ್ಲಿಸಿಕೊಂಡು, ಅದರ ಮೇಲೆ ಏಟುಗಳನ್ನು ಸಾಧಿಸುತ್ತಿದ್ದರು.

ಈ ಅವಧಿ ಕತ್ತಿವರಸೆಗೆ ಎಷ್ಟು ಪ್ರತಿಕೂಲವಾಗಿತ್ತು ಎಂಬುದನ್ನು ಮೇಲೆ ವಿವರಿಸಿದ ಆಟದ ಸ್ವರೂಪದಿಂದಲೇ ಊಹಿಸಬಹುದು. ಚೀಲ ಹಿಂದೆ ಸರಿಯುವುದಿಲ್ಲ, ಅಲಗನ್ನು ತಡೆಯುವುದಿಲ್ಲ, ಮೋಸದ ಹೆಜ್ಜೆಗೆ ಬೀಳುವುದಿಲ್ಲ. ಕಾಲಿನ ಬಲವನ್ನೂ ಲಂಜ್‌ನ ಉದ್ದವನ್ನೂ ಉಳಿಸಿಕೊಳ್ಳಬಹುದೇ ಹೊರತು ಅಂತರದ ಅರಿವು ದಿನೇ ದಿನೇ ಮಸುಕಾಗುತ್ತದೆ. ಜೊತೆಗೆ ಶ್ರೇಯಾಂಕದ ಅಂಕಗಳನ್ನು ಹೆಚ್ಚಿಸಿಕೊಳ್ಳುವ ದಾರಿಯೂ ಮುಚ್ಚಿತ್ತು; ಸ್ಪರ್ಧೆಗಳು ಯಾವಾಗ ಆರಂಭವಾಗುತ್ತವೆ, ಎಷ್ಟು ಉಳಿದಿವೆ ಎಂಬುದು ತಿಳಿಯದೆ ತರಬೇತಿಯ ಏರಿಳಿತವನ್ನು ಯೋಜಿಸುವುದೂ ಸಾಧ್ಯವಿರಲಿಲ್ಲ. ನಿರ್ಬಂಧಗಳು ಸಡಿಲಗೊಂಡ ಮೇಲೆ ಅವರು ಇಟಲಿಗೆ ಹಿಂದಿರುಗಿ ಜಾನೊಟ್ಟಿಯವರ ಬಳಿ ಅಭ್ಯಾಸ ಮುಂದುವರಿಸಿದರು.

2021ರ ಮಾರ್ಚ್‌ನಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ನಡೆದ ಸೇಬರ್ ವಿಶ್ವಕಪ್ ಅರ್ಹತಾ ಅವಧಿಯ ನಿರ್ಣಾಯಕ ಸ್ಪರ್ಧೆಯಾಗಿತ್ತು. ತಂಡ ವಿಭಾಗದ ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಆತಿಥೇಯ ಹಂಗೇರಿಯನ್ನು ಸೋಲಿಸಿ ಸೆಮಿಫೈನಲ್ ಪ್ರವೇಶಿಸಿತು. ಇದರಿಂದ ಶ್ರೇಯಾಂಕದ ಮೂಲಕ ತುಂಬಬೇಕಾದ ಏಷ್ಯಾ–ಓಷಿಯಾನಿಯಾ ವಲಯದ ಸ್ಥಾನವೊಂದು ಭವಾನಿ ದೇವಿಯವರಿಗೆ ತೆರೆದುಕೊಂಡಿತು. ಆಗ ಅವರ ವಿಶ್ವ ಶ್ರೇಯಾಂಕ 45. ಐದು ವರ್ಷಗಳ ಪರಿಶ್ರಮದ ತೀರ್ಪು ಹೊರಬಿದ್ದದ್ದು ಅವರು ಕತ್ತಿ ಹಿಡಿದು ಆಡದ, ಪ್ರೇಕ್ಷಕರ ಸಾಲಿನಿಂದ ವೀಕ್ಷಿಸಿದ ಪಂದ್ಯದಲ್ಲಿ.

ಟೋಕಿಯೊ

ಸಾಂಕ್ರಾಮಿಕದ ಕಾರಣ ಟೋಕಿಯೊದಲ್ಲಿ ಸ್ಪರ್ಧಿಗಳ ದಿನಚರಿ ಹಿಂದಿನ ಒಲಿಂಪಿಕ್ಸ್‌ಗಳಿಗಿಂತ ಭಿನ್ನವಾಗಿತ್ತು. ಕ್ರೀಡಾಗ್ರಾಮಕ್ಕೆ ತಮ್ಮ ಸ್ಪರ್ಧೆಗೆ ಐದು ದಿನ ಮೊದಲಷ್ಟೇ ಪ್ರವೇಶ, ಪ್ರತಿದಿನ ಸೋಂಕು ಪರೀಕ್ಷೆ, ಸ್ಪರ್ಧೆ ಮುಗಿದ 48 ಗಂಟೆಗಳೊಳಗೆ ನಿರ್ಗಮನ ಎಂಬ ನಿಯಮಗಳಿದ್ದವು. ಪ್ರೇಕ್ಷಕರಿಗೆ ಅವಕಾಶವಿರಲಿಲ್ಲ.

ಮಹಿಳೆಯರ ವೈಯಕ್ತಿಕ ಸೇಬರ್ ಸ್ಪರ್ಧೆ 2021ರ ಜುಲೈ 26ರಂದು ಚಿಬಾದ ಮಾಕುಹಾರಿ ಮೆಸ್ಸೆ ಸಭಾಂಗಣದಲ್ಲಿ ನಡೆಯಿತು. ಒಲಿಂಪಿಕ್ಸ್‌ನಲ್ಲಿ ಗುಂಪು ಹಂತವಿಲ್ಲ. ಮೊದಲ ಸೋಲೇ ಕೊನೆಯ ಪಂದ್ಯ. ಮೊದಲ ಸುತ್ತಿನಲ್ಲಿ ಭವಾನಿ ದೇವಿ ಟುನೀಸಿಯಾದ ನಾದಿಯಾ ಬೆನ್ ಅಜೀಜಿ ಅವರನ್ನು 15–3ರಿಂದ ಸೋಲಿಸಿದರು. ವಿರಾಮದ ವೇಳೆಗೆ ಅಂಕಗಳು 8–0 ಆಗಿದ್ದವು. ಇಡೀ ಪಂದ್ಯ ಆರು ನಿಮಿಷಗಳ ಆಸುಪಾಸಿನಲ್ಲಿ ಮುಗಿಯಿತು. ಇದು ಒಲಿಂಪಿಕ್ಸ್ ಕತ್ತಿವರಸೆಯಲ್ಲಿ ಭಾರತಕ್ಕೆ ದೊರೆತ ಮೊದಲ ಗೆಲುವು.

ಎರಡನೆಯ ಸುತ್ತಿನಲ್ಲಿ ಎದುರಾದವರು ಫ್ರಾನ್ಸ್‌ನ ಮನೋನ್ ಬ್ರುನೆ, ಆಗ ವಿಶ್ವದ ಮೂರನೆಯ ಶ್ರೇಯಾಂಕದವರು. ಮೊದಲಾರ್ಧದಲ್ಲಿ 2–8ರಿಂದ ಹಿಂದೆ ಬಿದ್ದ ಭವಾನಿ ದೇವಿ ವಿರಾಮದ ನಂತರ ಚೇತರಿಸಿಕೊಂಡು ಇನ್ನೈದು ಅಂಕ ಗಳಿಸಿದರೂ 7–15ರಿಂದ ಸೋತರು. ಎರಡು ಅರ್ಧಗಳ ನಡುವಿನ ಈ ವ್ಯತ್ಯಾಸ ಗಮನಾರ್ಹ: ಮೊದಲ ಎಂಟು ಅಂಕಗಳಲ್ಲಿ ಎದುರಾಳಿಯ ಲಯವನ್ನು ಓದಲು ಸಾಧ್ಯವಾಗದವರು ಬಳಿಕ ಓದಿದರೂ, 15 ಅಂಕಗಳ ಪಂದ್ಯದಲ್ಲಿ ಆ ಅಂತರವನ್ನು ತುಂಬಿಕೊಳ್ಳುವಷ್ಟು ಅವಕಾಶ ಉಳಿದಿರುವುದಿಲ್ಲ. ಬ್ರುನೆ ಮುಂದೆ ಕಂಚಿನ ಪದಕ ಗೆದ್ದರು. ಚಿನ್ನ ರಷ್ಯಾದ ಸೋಫಿಯಾ ಪೊಜ್ನ್ಯಾಕೋವಾ ಅವರ ಪಾಲಾಯಿತು. ಪಂದ್ಯದ ಬಳಿಕ ಭವಾನಿ ದೇವಿ ಸಾಮಾಜಿಕ ಜಾಲತಾಣದಲ್ಲಿ ದೇಶದ ಜನರ ಕ್ಷಮೆ ಕೋರಿದರು. ಕ್ಷಮೆಯ ಅಗತ್ಯವಿರಲಿಲ್ಲ ಎಂಬುದೇ ವ್ಯಾಪಕ ಪ್ರತಿಕ್ರಿಯೆಯಾಗಿತ್ತು. ಪ್ರಧಾನಮಂತ್ರಿ ನರೇಂದ್ರ ಮೋದಿ ಅವರೂ ಪ್ರೋತ್ಸಾಹದ ಉತ್ತರ ಬರೆದರು.

ನಂತರದ ವರ್ಷಗಳು

2021ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ದೊರೆಯಿತು. ಟೋಕಿಯೊದಲ್ಲಿ ಬಳಸಿದ ಕತ್ತಿಯನ್ನು ಅವರು ಪ್ರಧಾನಮಂತ್ರಿಗಳಿಗೆ ಉಡುಗೊರೆಯಾಗಿ ನೀಡಿದ್ದರು. ಪ್ರಧಾನಿಯವರ ಉಡುಗೊರೆಗಳ ಆನ್‌ಲೈನ್ ಹರಾಜಿನಲ್ಲಿ ಅದನ್ನು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು 1.5 ಕೋಟಿ ರೂಪಾಯಿಗೆ ಕೊಂಡುಕೊಂಡಿತು.

ಒಲಿಂಪಿಕ್ಸ್ ಬಳಿಕ ಅವರು ತರಬೇತಿಯನ್ನು ಫ್ರಾನ್ಸ್‌ನ ಓರ್ಲಿಯಾನ್ಸ್‌ಗೆ ಬದಲಿಸಿ, ಕ್ರಿಶ್ಚಿಯನ್ ಬೌಯರ್ ಅವರ ಬಳಿ ಅಭ್ಯಾಸ ಮಾಡಿದರು. ಬೌಯರ್ ಹಿಂದೆ ಇಟಲಿ, ಚೀನಾ ಮತ್ತು ರಷ್ಯಾದ ಸೇಬರ್ ತಂಡಗಳಿಗೆ ತರಬೇತಿ ನೀಡಿದ್ದವರು. ತರಬೇತುದಾರರು ಬದಲಾದಾಗ ಹೆಜ್ಜೆಗಳ ಲಯದಿಂದ ಹಿಡಿದು ಪಾಠದ ಸಂಕೇತಗಳವರೆಗೆ ಹಲವನ್ನು ಹೊಸದಾಗಿ ರೂಢಿಸಿಕೊಳ್ಳಬೇಕಾಗುತ್ತದೆ.

2023ರ ಜೂನ್‌ನಲ್ಲಿ ಚೀನಾದ ವುಶಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅವರು ಜಪಾನಿನ ಮಿಸಾಕಿ ಎಮುರಾ ಅವರನ್ನು 15–10ರಿಂದ ಮಣಿಸಿದರು. ಎಮುರಾ ಆಗ ಹಾಲಿ ವಿಶ್ವ ಚಾಂಪಿಯನ್. ಸೆಮಿಫೈನಲ್‌ನಲ್ಲಿ ಉಜ್ಬೇಕಿಸ್ತಾನದ ಜೈನಾಬ್ ದಾಯಿಬೆಕೋವಾ ವಿರುದ್ಧ 14–15ರಿಂದ, ಅಂದರೆ ಒಂದೇ ಏಟಿನ ಅಂತರದಲ್ಲಿ ಸೋತು ಕಂಚು ಪಡೆದರು. ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತೀಯರೊಬ್ಬರು ಗೆದ್ದ ಮೊದಲ ಕತ್ತಿವರಸೆ ಪದಕ ಅದು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕ್ವಾರ್ಟರ್ ಫೈನಲ್ ತಲುಪಿ, ಚೀನಾದ ಶಾವೊ ಯಾಚಿ ಅವರಿಗೆ 7–15ರಿಂದ ಶರಣಾದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅವರಿಗೆ ಅರ್ಹತೆ ದೊರೆಯಲಿಲ್ಲ; ಆ ಕೂಟದ ಕತ್ತಿವರಸೆಯಲ್ಲಿ ಭಾರತದ ಸ್ಪರ್ಧಿಗಳು ಯಾರೂ ಇರಲಿಲ್ಲ.